ಮುನ್ನೂರು ತೆನೆ, ಒಂದು ಹಳೇ ನೋಟ್‌ಬುಕ್

2024ರಲ್ಲಿ ನಮ್ಮ ಮೊಂತಿ ಹಬ್ಬದ ದಿನ, ಸೆಪ್ಟೆಂಬರ್ 8, ಭಾನುವಾರ ಬಂತು. ದುಬೈಯಲ್ಲಿರುವ ನಮ್ಮಂಥವರಿಗೆ ಇದೆಷ್ಟು ಖುಷಿಯ ವಿಷಯ ಅಂತ ಊರಲ್ಲಿರುವವರಿಗೆ ಹೇಳಿದರೆ ಗೊತ್ತಾಗುವುದು ಕಷ್ಟ. ಮೊದಲು ಇಲ್ಲಿ ಶುಕ್ರವಾರ ರಜೆ, ಭಾನುವಾರ ಕೆಲಸ. 2022ರ ಜನವರಿಯಿಂದ ಶನಿವಾರ, ಭಾನುವಾರ ರಜೆ ಶುರುವಾಯಿತು. ಹಾಗಾಗಿ ಈ ಸಲ ಮೊಂತಿ ಹಬ್ಬಕ್ಕೆ ಯಾರ ಹತ್ತಿರವೂ ರಜೆ ಕೇಳಬೇಕಾಗಿರಲಿಲ್ಲ.

ಮಂಗಳೂರು, ಉಡುಪಿ ಕಡೆಯವರಿಗೆ ಈ ಹಬ್ಬ ಗೊತ್ತೇ ಇದೆ. ಬೇರೆಯವರಿಗಾಗಿ ಎರಡು ಮಾತು. ಇದು ಮಾತೆ ಮರಿಯಮ್ಮ ಹುಟ್ಟಿದ ದಿನ, ಜೊತೆಗೆ ನಮ್ಮ ತೆನೆ ಹಬ್ಬ. ಒಂಬತ್ತು ದಿನ ನೊವೆನಾ ಪ್ರಾರ್ಥನೆ, ದಿನಾ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲೆ ಮರಿಯಮ್ಮನಿಗೆ ಹಾಕುವುದು, ಕೊನೆಯ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮಕ್ಕಳಿಗೆ ಕಬ್ಬು, ಮನೆಯಲ್ಲಿ ಬಾಳೆ ಎಲೆ ಊಟ. ಆ ದಿನ ಮೀನು, ಮಾಂಸ ಇಲ್ಲ. ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಜೋಕಿಂ ಮಿರಾಂದ ಅನ್ನುವ ಗೋವಾದ ಪಾದ್ರಿಗಳು ಇದನ್ನು ಶುರು ಮಾಡಿದರು ಅಂತ ಹೇಳುತ್ತಾರೆ. ಮೊಂತಿ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ಹೊಸ ತೆನೆ ಮನೆಗೆ ತರುವ ಪದ್ಧತಿ ನಮ್ಮ ಹಿಂದೂ ನೆರೆಮನೆಗಳಲ್ಲೂ ಇತ್ತು. ಗದ್ದೆ ಒಂದೇ ಅಲ್ವಾ.

ಆದರೆ ದುಬೈಯಲ್ಲಿ ಗದ್ದೆ ಎಲ್ಲಿಂದ ತರುವುದು? ತೆನೆ ಊರಿಂದಲೇ ಬರಬೇಕು, ಯಾರದಾದರೂ ಸೂಟ್‌ಕೇಸಿನಲ್ಲಿ. ಇಷ್ಟು ವರ್ಷ ಆ ಕೆಲಸ ನೋಡಿಕೊಳ್ಳುತ್ತಿದ್ದವರು ನಮ್ಮ ಗುಂಪಿನ ಒಬ್ಬ ಅಂಕಲ್. ಮೂವತ್ತೊಂದು ವರ್ಷ ಇಲ್ಲಿ ದುಡಿದು ಮೇ ತಿಂಗಳಲ್ಲಿ ಬಂಟ್ವಾಳದ ಹತ್ತಿರದ ತಮ್ಮ ಮನೆಗೆ ಪೂರ್ತಿಯಾಗಿ ಹೋಗಿಬಿಟ್ಟರು. ಹೋಗುವ ವಾರ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿದ ಮೇಲೆ ನನ್ನನ್ನು ಕರೆದು, "ಇದು ಇನ್ನು ನಿನ್ನ ಹತ್ತಿರ ಇರಲಿ ಮಗಾ" ಅಂತ ಒಂದು ನೋಟ್‌ಬುಕ್ ಕೊಟ್ಟರು.

ಅದನ್ನು ಓದುತ್ತಾ ಒಂದು ರಾತ್ರಿ ಪೂರ್ತಿ ಕೂತೆ. ಒಂದೊಂದು ವರ್ಷಕ್ಕೆ ಒಂದೊಂದು ಪುಟ. ಎಷ್ಟು ತೆನೆ ಬಂತು, ಯಾರು ತಂದರು, ಎಷ್ಟು ಮನೆಗೆ ಕಡಿಮೆ ಬಿತ್ತು, ಕಬ್ಬಿಗೆ ಯಾರು ಎಷ್ಟು ಕೊಟ್ಟರು, ಉಳಿದ ಹಣ ಯಾವ ದಿನ ಚರ್ಚ್ ಆಫೀಸಿಗೆ ಕಟ್ಟಿದ್ದು, ರಸೀದಿ ಸಮೇತ. ಎರಡೂವರೆ ದಿರ್ಹಮ್ ಉಳಿದದ್ದಕ್ಕೂ ಲೆಕ್ಕ ಇದೆ. 2020ರ ಪುಟದಲ್ಲಿ "ಜನ ಸೇರಲಿಲ್ಲ. ತೆನೆ ಇಲ್ಲ" ಅಂತ ಒಂದು ಸಾಲು, ಅದರ ಕೆಳಗೆ ಅರವತ್ತನಾಲ್ಕು ಹೆಸರುಗಳು, ಪ್ರತಿ ಹೆಸರಿನ ಮುಂದೆ "ಫೋನ್ ಮಾಡಿದೆ" ಅಂತ ಟಿಕ್. ಕೆಲವರ ಮುಂದೆ "ಕೆಲಸ ಹೋಗಿದೆ, ಅಕ್ಕಿ ಕಳಿಸಿದೆ". ನನ್ನ ಹೆಸರೂ ಅದರಲ್ಲಿತ್ತು. ಆ ಫೋನ್ ನನಗೆ ಚೆನ್ನಾಗಿ ನೆನಪಿದೆ, ಹಬ್ಬದ ಶುಭಾಶಯಕ್ಕೆ ಸುಮ್ನೆ ಮಾಡಿದ್ದಾರೆ ಅಂದುಕೊಂಡಿದ್ದೆ.

ಕೊನೆಯ ಪುಟದಲ್ಲಿ ಸೂಚನೆಗಳು. ತೆನೆ ಉದ್ದ ದಂಟಿನ ಸಮೇತ ಕೊಯ್ಯಬೇಕು. ನೀರಾರಲು ಒಂದು ರಾತ್ರಿ ನೆರಳಲ್ಲಿ ಹರಡಬೇಕು. ಪೇಪರಿನಲ್ಲೇ ಸುತ್ತಬೇಕು, ಪ್ಲಾಸ್ಟಿಕ್ ಬೇಡ, ಬೂಸ್ಟು ಹಿಡಿಯುತ್ತದೆ. ಊರಲ್ಲಿ ನನ್ನ ಚಿಕ್ಕಪ್ಪ ಹಬ್ಬಕ್ಕೆಂದೇ ಒಂದು ಸಣ್ಣ ಗದ್ದೆಯಲ್ಲಿ ಸ್ವಲ್ಪ ಬೇಗ ನಾಟಿ ಮಾಡುತ್ತಾರೆ. ಅವರಿಗೆ ಇದನ್ನೆಲ್ಲ ಓದಿ ಹೇಳಿದೆ. ಮುನ್ನೂರು ತೆನೆ ಕಟ್ಟಿ ಕಳಿಸಿದರು. ಆರನೇ ತಾರೀಕು ತಂದವರು ಬಂದಿಳಿದರು, ಬ್ಯಾಗ್ ಇಳಿಯಲಿಲ್ಲ. ಮಾರನೇ ದಿನ ರಾತ್ರಿ ಹನ್ನೊಂದಕ್ಕೆ ಬ್ಯಾಗ್ ಕೈಗೆ ಸಿಕ್ಕಿತು. ಪೇಪರ್ ಬಿಚ್ಚುವಾಗ ಕೈ ನಡುಗುತ್ತಿತ್ತು. ಒಂದು ತೆನೆಯೂ ಹಾಳಾಗಿರಲಿಲ್ಲ. ಅಂಕಲ್‌ಗೆ ಆಗಲೇ ಮೆಸೇಜ್ ಮಾಡಿದೆ. ಊರಲ್ಲಿ ಮಧ್ಯರಾತ್ರಿ ದಾಟಿತ್ತು, ಆದರೂ ತಕ್ಷಣ ಉತ್ತರ ಬಂತು: "ದೇವರು ದೊಡ್ಡವನು. ಈಗ ಮಲಗು."

ನಮ್ಮ ಚರ್ಚು ಊದ್ ಮೇತಾದ ಸೇಂಟ್ ಮೇರೀಸ್. ಆಗಿನ ದೊರೆ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಕೊಟ್ಟ ಜಾಗದಲ್ಲಿ 1967ರಲ್ಲಿ ಚರ್ಚು ಎದ್ದಿತು. ಜನ ಜಾಸ್ತಿಯಾಗಿ 1989ರಲ್ಲಿ ಈಗಿನ ಚರ್ಚು ಬಂತು. ಕಪುಚಿನ್ ಸಭೆಯ ಗುರುಗಳು ನೋಡಿಕೊಳ್ಳುತ್ತಾರೆ. ಇಂಗ್ಲಿಷ್, ಮಲಯಾಳ, ತಗಾಲೊಗ್, ಅರಬ್ಬಿ, ತಮಿಳು, ಕೊಂಕಣಿ ಹೀಗೆ ಎಷ್ಟೋ ಭಾಷೆಗಳಲ್ಲಿ ಬಲಿಪೂಜೆ ನಡೆಯುತ್ತದೆ. ಈ ಧರ್ಮಕೇಂದ್ರದ ಒಂದು ವಿಶೇಷ ಏನೆಂದರೆ ಇಲ್ಲಿ ಬಹುಪಾಲು ಯಾರೂ ಕಾಯಂ ಅಲ್ಲ. ವೀಸಾ ಇರುವ ತನಕ ಇರುತ್ತೇವೆ, ಆಮೇಲೆ ಹೊರಡುತ್ತೇವೆ. ಜಾಗ ನಮ್ಮದಲ್ಲ, ಕುರ್ಚಿ ನಮ್ಮದಲ್ಲ, ಹಾಡುವ ಗುಂಪಿನಲ್ಲಿ ಪಕ್ಕದಲ್ಲಿ ನಿಂತವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ.

ನನ್ನ ಅಜ್ಜ ಚಾಲಗೇಣಿ ಒಕ್ಕಲು. 1974ರ ಭೂಸುಧಾರಣೆ ಬರುವ ತನಕ ಧಣಿ ಯಾವಾಗ ಬೇಕಾದರೂ ಬಿಡಿಸಬಹುದಾಗಿದ್ದ ಗದ್ದೆ ಅದು. ಆದರೂ ಅಜ್ಜ ಪ್ರತಿ ಮಳೆಗಾಲಕ್ಕೆ ಮೊದಲು ಬದು ಕಟ್ಟುತ್ತಿದ್ದರು, ಕಾಡಿನಿಂದ ಸೊಪ್ಪು ಹೊತ್ತು ತಂದು ಹಾಕುತ್ತಿದ್ದರು ಅಂತ ಪಪ್ಪ ಹೇಳುತ್ತಾರೆ. ಚರ್ಚಿನಲ್ಲಿ ಫಾದರ್ ಜೋಪಾನ, ಉಸ್ತುವಾರಿ ಅಂತ ಪ್ರಸಂಗ ಮಾಡುವಾಗಲೆಲ್ಲ ನನಗೆ ಅಜ್ಜನ ಆ ಬದು ನೆನಪಾಗುತ್ತದೆ, ಈ ವರ್ಷ ಜೊತೆಗೆ ನೋಟ್‌ಬುಕ್ಕೂ ನೆನಪಾಯಿತು.

ಹಬ್ಬದ ದಿನ ಬಿಸಿಲು ಜೋರಾಗಿತ್ತು. ಮೆರವಣಿಗೆಗೆ ದಾರಿ ಬಿಡಿಸುತ್ತಾ ಬೆವರಿನಲ್ಲಿ ತೊಯ್ದು ನಿಂತವರು ಕೇರಳದ ಇಬ್ಬರು ಹುಡುಗರು, ನೀರಿನ ಬಾಟಲಿ ಹಂಚಿದವರು ಫಿಲಿಪೀನ್ಸಿನ ಅಕ್ಕಂದಿರು. ಇದು ಅವರ ಊರಿನ ಹಬ್ಬವಲ್ಲ. ನಾವು ಕೇಳಿಯೂ ಇರಲಿಲ್ಲ, ಬಂದು ನಿಂತರು. ಅವರ ಹಬ್ಬಕ್ಕೆ ನಾವು ಅಷ್ಟು ಮಾಡಿದ್ದೇವಾ ಅಂತ ನನ್ನನ್ನೇ ಕೇಳಿಕೊಂಡೆ. ಡಿಸೆಂಬರಿನಲ್ಲಿ ಫಿಲಿಪೀನ್ಸಿನವರ ಒಂಬತ್ತು ದಿನದ ಕ್ರಿಸ್ಮಸ್ ನೊವೆನಾ ಇದೆ, ಕುರ್ಚಿ ಹಾಕಲು ನಮ್ಮಿಂದ ಹತ್ತು ಜನರ ಹೆಸರು ಆಗಲೇ ಬರೆಸಿದ್ದೇವೆ. ಮಕ್ಕಳ ಬುಟ್ಟಿಗಳಲ್ಲಿ ಬರ್ ದುಬೈಯಲ್ಲಿ ಕೊಂಡ ಚೆಂಡುಹೂವು, ಸೇವಂತಿಗೆ. ಒಬ್ಬ ಪುಟ್ಟಿ ಮಾತ್ರ ತಮ್ಮ ಬಿಲ್ಡಿಂಗಿನ ಗೋಡೆ ಮೇಲಿದ್ದ ಕಾಗದದ ಹೂವನ್ನು ತಾನೇ ಕಿತ್ತು ತಂದಿದ್ದಳು. ಊರಲ್ಲಿ ಗುಡ್ಡ, ಗದ್ದೆ ಬದು ಸುತ್ತಿ ಹೂವು ಕೊಯ್ದು ಬೆಳೆದ ನನಗೆ ಆ ಬುಟ್ಟಿ ನೋಡಿ ಕಣ್ಣು ತುಂಬಿತು.

ಮಧ್ಯಾಹ್ನ ಕರಾಮದ ನಮ್ಮ ಫ್ಲ್ಯಾಟಿನಲ್ಲಿ ಹದಿನಾರು ಜನ. ಹೆಚ್ಚಿನವರು ಬೆಡ್‌ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಹಾಸಿಗೆ ಮಾತ್ರ ಬಾಡಿಗೆಗೆ ಹಿಡಿದು ಇರುವ ಹುಡುಗರು, ಕುಂದಾಪುರ, ಕಾರ್ಕಳ, ಬೆಳ್ತಂಗಡಿಯವರು. ಬಾಳೆ ಎಲೆ ಕೊಟ್ಟದ್ದು ಶಿವಮೊಗ್ಗದ ಗೆಳೆಯ. ಹಿಂದಿನ ದಿನವೇ ಅವರ ಮನೆಯಲ್ಲಿ ಚೌತಿ ಇತ್ತು, ನಮಗೂ ಸೇರಿಸಿ ಎಲೆ ತರಿಸಿದ್ದ. ಪಲ್ಯ, ಸಾರುಗಳ ಲೆಕ್ಕ ಬೆಸವಾಗಿರಬೇಕು, ನಮ್ಮದು ಏಳು. ಅಲಸಂಡೆ, ಬೆಂಡೆ, ಹೀರೆ, ಹರಿವೆ, ಕೆಸುವಿನ ದಂಟು, ಅಂಬಡೆ, ಮುಳ್ಳುಸೌತೆ. ಕಣಿಲೆ (ಎಳೆ ಬಿದಿರು) ಸಿಗಲಿಲ್ಲ. ತೆನೆಯಿಂದ ಏಳು ಕಾಳು ಸುಲಿದು, ಪುಡಿ ಮಾಡಿ ತೆಂಗಿನಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟೆವು. ಮನೆಯ ಹಿರಿಯರು ಕೊಡುವ ಪದ್ಧತಿ. ಇಲ್ಲಿ ಹಿರಿಯಳು ನಾನೇ ಅಂತ ಆಗಲೇ ಹೊಳೆದದ್ದು. ಪ್ರಾರ್ಥನೆ ಹೇಳುವಾಗ ಊರಲ್ಲಿರುವ ಅಂಕಲ್ ಹೆಸರು ಸೇರಿಸಿದೆ, ಹುಡುಗರೆಲ್ಲ ಒಟ್ಟಿಗೆ ಆಮೆನ್ ಅಂದರು.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸೂಚನೆ ಇತ್ತು: "ಡ್ಯೂಟಿಯಲ್ಲಿದ್ದವರಿಗೆ ಹತ್ತು ತೆನೆ ತೆಗೆದಿಡಬೇಕು." ತೆಗೆದಿಟ್ಟಿದ್ದೆ. ರಾತ್ರಿ ಒಂಬತ್ತೂವರೆಗೆ ಬೆಲ್ ಆಯಿತು. ನರ್ಸ್ ಕೆಲಸದ ಹುಡುಗಿ, ಹನ್ನೆರಡು ಗಂಟೆಯ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು. "ಆಂಟಿ, ಪ್ರತಿ ವರ್ಷ ಅಂಕಲ್ ನನಗೆ ಒಂದು ಇಡ್ತಿದ್ರು, ಈ ಸಲ..." ಅಂತ ಬಾಗಿಲಲ್ಲೇ ನಿಂತಳು. ಒಳಗೆ ಕರೆದು, ಎಲೆ ಹಾಕಿ, ಪಾಯಸ ಬಿಸಿಗಿಟ್ಟೆ. ಅವಳು ಕೈ ತೊಳೆದು ಬಂದು ತೆನೆಯಿಂದ ಕಾಳು ಸುಲಿಯಲು ಕೂತಳು.