ಕಾರು ತಗೊಳ್ಳಲಾ ಮಾಮ?

ನಾನು ಕೆಲಸ ಮಾಡಿದ್ದೆಲ್ಲ ಮುಂಬಯಿಯ ಒಂದು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ. ನಿವೃತ್ತಿಯಾದ ಮೇಲೂ ನಮ್ಮವರ ಮದುವೆ, ಪೂಜೆ, ಸಂಘದ ಕಾರ್ಯಕ್ರಮ ಅಂತ ಎಲ್ಲಿ ಹೋದರೂ ಯಾರಾದರೂ ಹುಡುಗರು ಊಟದ ಹೊತ್ತಿಗೆ ಪಕ್ಕಕ್ಕೆ ಬಂದು ಕೇಳುತ್ತಾರೆ, "ಕಾರು ತಗೊಳ್ಳಲಾ ಮಾಮ?" ಬಡ್ಡಿ ಎಷ್ಟು, ಯಾವ ಮಾಡೆಲ್ ಒಳ್ಳೆಯದು ಎಂಬುದಕ್ಕೆಲ್ಲ ಈಗ ಮೊಬೈಲಿನಲ್ಲೇ ಉತ್ತರ ಸಿಗುತ್ತದೆ. ಅವರಿಗೆ ಬೇಕಾದದ್ದು ಅದಲ್ಲ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಒಳಗಿನ ಪ್ರಶ್ನೆ ಹೊರಗೆ ಬರುತ್ತದೆ. ಇಷ್ಟು ದುಡ್ಡು ಹಾಕಿದರೆ ಆ ಖುಷಿ ಉಳಿಯುತ್ತಾ?

ಕೆಲವರಿಗೆ ಉಳಿಯುತ್ತದೆ. ನಿಮ್ಮ ದಿನದಲ್ಲಿರುವ ಒಂದು ಕಷ್ಟವನ್ನು ಆ ವಸ್ತು ನಿಜವಾಗಿ ತೆಗೆದುಹಾಕಿದರೆ ಖುಷಿ ಉಳಿಯುತ್ತದೆ. ನಾಲ್ಕು ಜನ ನೋಡಲಿ ಅಂತ ಕೊಂಡರೆ, ಆ ನಾಲ್ಕು ಜನಕ್ಕೆ ಅಭ್ಯಾಸವಾಗುವವರೆಗೆ ಮಾತ್ರ ಇರುತ್ತದೆ. ಸಾಲದ ಅರ್ಜಿ ಹಿಡಿದು ಬಂದವರನ್ನು ವರ್ಷಗಟ್ಟಲೆ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಸ್ತುಗಳಿಂದ ಸುಖವೇ ಇಲ್ಲ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಊರಿನಿಂದ ಇಲ್ಲಿಗೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿ ಶಾಲೆಗೆ ಹೋಗಿ, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ನೆಲದಲ್ಲಿ ಚಾಪೆ ಹಾಸಿ ಮಲಗಿದವರು. ಆಮೇಲೆ ಚಾಳದ ಒಂದು ಖೋಲಿ. ಬೆಳಿಗ್ಗೆ ಎದ್ದರೆ ನೀರಿಗೆ ಸಾಲು, ಶೌಚಾಲಯಕ್ಕೆ ಸಾಲು. ಇಂಥವರು ಕಷ್ಟಪಟ್ಟು ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಒಂದು ಸಣ್ಣ ಫ್ಲ್ಯಾಟ್ ಮಾಡಿಕೊಂಡರು. ಮನೆಯೊಳಗೇ ನಲ್ಲಿ, ಮನೆಯೊಳಗೇ ಬಚ್ಚಲು. ಆ ಸುಖ ಎಷ್ಟು ವರ್ಷ ಕಳೆದರೂ ಹಳತಾಗಲಿಲ್ಲ. ನಮ್ಮ ಮನೆಗಳಲ್ಲಿ ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಬಂದಾಗಲೂ ಹಾಗೇ. ಕಲ್ಲಿನ ಮುಂದೆ ಕೂತು ಕೈ ಸೋತ ಹೆಂಗಸರನ್ನು ಕೇಳಿ ನೋಡಿ. ಗ್ರೈಂಡರಿನ ಫೋಟೊ ಯಾರೂ ವಾಟ್ಸಾಪಿನಲ್ಲಿ ಹಾಕುವುದಿಲ್ಲ. ಆದರೆ ಆ ಮೆಷಿನ್ ದಿನಾ ಒಂದಷ್ಟು ನೋವು ಕಡಿಮೆ ಮಾಡುತ್ತದೆ.

ದುಡ್ಡಿನ ಬಗ್ಗೆ ಸಂಶೋಧಕರೂ ಒಮ್ಮೆ ಒಂದು ಹೇಳಿ, ಆಮೇಲೆ ತಿದ್ದಿಕೊಂಡಿದ್ದಾರೆ. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕದ ಲೆಕ್ಕ ನೋಡಿ, ವರ್ಷಕ್ಕೆ ಸುಮಾರು 75,000 ಡಾಲರ್ ದಾಟಿದ ಮೇಲೆ ದಿನದ ಖುಷಿ ಹೆಚ್ಚುವುದಿಲ್ಲ ಎಂದಿದ್ದರು. ಇಬ್ಬರೂ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಈ ಮಾತು ಜಗತ್ತಿನ ತುಂಬ ಓಡಾಡಿತು. ಬೇರೆ ಅಂಕಿಅಂಶ ಹಿಡಿದು ಅದನ್ನು ಪ್ರಶ್ನಿಸಿದವರು ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್. 2023ರಲ್ಲಿ ಕಾನೆಮನ್ ಅವರ ಜೊತೆಯಲ್ಲೇ ಕೂತು ಲೆಕ್ಕವನ್ನು ಮತ್ತೆ ನೋಡಿದರು. ಹೆಚ್ಚಿನವರಿಗೆ ಆದಾಯ ಏರಿದಂತೆ ಖುಷಿಯೂ ಏರುತ್ತಲೇ ಹೋಗುತ್ತದೆ, ತುಂಬ ಬೇಸರದಲ್ಲಿರುವ ಒಂದು ಪಾಲು ಜನರಿಗೆ ಮಾತ್ರ ಅದು ಒಂದು ಹಂತದಲ್ಲಿ ನಿಂತುಬಿಡುತ್ತದೆ ಎಂದು ಕಂಡುಬಂತು. ಹಾಗಾಗಿ "ದುಡ್ಡಿನಿಂದ ಏನೂ ಸಿಗಲ್ಲ" ಎಂದು ದುಡಿಯುವ ಹುಡುಗರಿಗೆ ಹೇಳಲು ನನಗೆ ಮನಸ್ಸಿಲ್ಲ.

ಆದರೆ ಕಾರಿನ ವಿಷಯ ಸ್ವಲ್ಪ ಬೇರೆ.

ಕಾರು ಮನೆಗೆ ಬರುವ ದಿನದ ಖುಷಿ ಸುಳ್ಳಲ್ಲ. ಶೋರೂಮಿನಲ್ಲಿ ಬಟ್ಟೆ ಸರಿಸಿ ಕೀಲಿ ಕೊಡುತ್ತಾರೆ. ಚಕ್ರದ ಕೆಳಗೆ ನಿಂಬೆಹಣ್ಣು. ಬಿಲ್ಡಿಂಗಿನ ಗೇಟಿನಲ್ಲಿ ಅಮ್ಮ ಆರತಿ ಹಿಡಿದು ನಿಂತಿರುತ್ತಾರೆ. ಅಪ್ಪ ಹಿಂದಿನ ಸೀಟಿನಲ್ಲಿ ಮಾತಿಲ್ಲದೆ ಕೂತು ಬಾಗಿಲನ್ನು ಕೈಯಿಂದ ಸವರಿ ನೋಡುತ್ತಾರೆ. ಇದನ್ನು ಹಗುರವಾಗಿ ನೋಡುವವರಿಗೆ ಬಡತನದ ಪರಿಚಯ ಇಲ್ಲ ಎಂದೇ ನಾನು ತಿಳಿಯುತ್ತೇನೆ. ಪ್ರಶ್ನೆ ಇರುವುದು ಅದರ ನಂತರದ ಸೋಮವಾರಗಳಲ್ಲಿ.

ನಾರ್ಬರ್ಟ್ ಶ್ವಾರ್ಜ್, ಕಾನೆಮನ್, ಜಿಂಗ್ ಶು ಎಂಬ ಮೂವರು ಅಮೆರಿಕದ ಕಾರು ಮಾಲೀಕರನ್ನು ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2009ರಲ್ಲಿ ಬಂತು. ನನಗೆ ಅದು ತುಂಬ ಮುಖ್ಯ ಅನ್ನಿಸುತ್ತದೆ. "ನಿಮ್ಮ ಕಾರು ಓಡಿಸುವಾಗ ಸಾಮಾನ್ಯವಾಗಿ ಹೇಗನ್ನಿಸುತ್ತದೆ?" ಎಂದು ಕೇಳಿದರೆ, ದುಬಾರಿ ಕಾರಿನವರು ಹೆಚ್ಚು ಖುಷಿ ಎಂದರು. "ಸರಿ, ಕಳೆದ ಸಲ ಕಾರು ಓಡಿಸಿಕೊಂಡು ಹೋದಾಗ ಹೇಗಿತ್ತು?" ಎಂದು ಕೇಳಿದಾಗ ಕಾರಿನ ಬೆಲೆಗೂ ಆ ಹೊತ್ತಿನ ಖುಷಿಗೂ ಸಂಬಂಧವೇ ಕಾಣಲಿಲ್ಲ. ಕಾರಿನ ಬಗ್ಗೆ ಯೋಚಿಸುವಾಗ ಖುಷಿ ಇದೆ. ಓಡಿಸುವಾಗ ನಾವು ಕಾರಿನ ಬಗ್ಗೆ ಯೋಚಿಸುತ್ತಲೇ ಇಲ್ಲ, ಅಲ್ವಾ? ಸಯನ್ ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದಾಗ ತಲೆಯಲ್ಲಿರುವುದು ಆಫೀಸಿನ ಮೀಟಿಂಗ್. ಘೋಡ್‌ಬಂದರ್ ರಸ್ತೆಯಲ್ಲಿ ಟ್ರಕ್ಕಿನ ಹಿಂದೆ ನಿಂತಾಗ ಮಗುವಿನ ಜ್ವರ, ಇಲ್ಲವೇ ಅಣ್ಣನ ಜೊತೆ ಆದ ಜಗಳ. ಸೀಟು ಚರ್ಮದ್ದೇ ಇರಬಹುದು, ಅದು ಗಮನಕ್ಕೇ ಬರುವುದಿಲ್ಲ.

2004ರ ಇನ್ನೊಂದು ಅಧ್ಯಯನವೂ ಇದೆ. ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರಿಗೆ ಹಿಂದಿನ ದಿನದ ಒಂದೊಂದು ಹೊತ್ತು ಹೇಗಿತ್ತು ಎಂದು ಬರೆಯಲು ಹೇಳಿದರು. ಎಲ್ಲಕ್ಕಿಂತ ಕೆಳಗೆ ಬಂದವುಗಳಲ್ಲಿ ಬೆಳಗಿನ ಪ್ರಯಾಣ ಒಂದು. ಟೆಕ್ಸಾಸ್ ಅಂದರೆ ಕಾರಿನ ನಾಡು. ಅಲ್ಲೂ ಕಾರು ಬೆಳಗಿನ ಓಡಾಟವನ್ನು ಸುಖ ಮಾಡಲಿಲ್ಲ. ಮೇಲಕ್ಕೆ ಬಂದವುಗಳಲ್ಲಿ ಸ್ನೇಹಿತರ ಜೊತೆ ಕಳೆದ ಹೊತ್ತು ಒಂದು.

ಲೋಕಲ್ ರೈಲೇ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ದಾದರಿನಲ್ಲಿ ಸಂಜೆ ಹತ್ತಿದವರಿಗೆ ಗೊತ್ತು ಅದರ ಹಿಂಸೆ. ಆದರೆ ಕಲ್ಯಾಣದಿಂದ ಫೋರ್ಟಿಗೆ ದಿನಾ ಕಾರಿನಲ್ಲಿ ಹೋಗುತ್ತೇನೆ ಎನ್ನುವ ಹುಡುಗನಿಗೆ, ಒಂದು ಹಿಂಸೆಯ ಬದಲು ಇನ್ನೊಂದು, ಅದೂ ಪೆಟ್ರೋಲ್ ಖರ್ಚಿನ ಸಮೇತ, ಎಂದು ನೇರವಾಗಿ ಹೇಳುತ್ತೇನೆ.

ಇನ್ನು ನೆರೆಮನೆಯ ವಿಷಯ. ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಲಾಟರಿ ಇದೆ. ಅಧ್ಯಯನ ನಡೆದ ಕಾಲದಲ್ಲಿ ಅದರಲ್ಲಿ ಪ್ರತಿ ವಾರ ಒಂದು ಪಿನ್‌ಕೋಡ್ ಆರಿಸುತ್ತಿದ್ದರು. ಅಲ್ಲಿ ಒಂದು ಪಿನ್‌ಕೋಡ್ ಅಂದರೆ ಒಂದು ಬೀದಿಯ ಕೆಲವೇ ಮನೆಗಳು. ಆ ಬೀದಿಯಲ್ಲಿ ಟಿಕೆಟ್ ತೆಗೆದವರಿಗೆ ಹಣ, ಜೊತೆಗೆ ಒಂದು ಹೊಸ ಬಿಎಂಡಬ್ಲ್ಯು. ನಾಲ್ವರು ಅರ್ಥಶಾಸ್ತ್ರಜ್ಞರು ಇದನ್ನು ಹಿಂಬಾಲಿಸಿ 2011ರಲ್ಲಿ ಬರೆದರು. ಕಾರು ಗೆದ್ದವರಲ್ಲಿ ಬಹುಪಾಲು ಜನ ಅದನ್ನು ಇಟ್ಟುಕೊಳ್ಳದೆ ದುಡ್ಡು ಮಾಡಿಕೊಂಡರು. ಆದರೆ ಟಿಕೆಟ್ಟೇ ತೆಗೆಯದ, ಗೆದ್ದವರ ಪಕ್ಕದ ಮನೆಯವರು ಕಾರಿನ ಮೇಲೆ ಬೇರೆಯವರಿಗಿಂತ ಹೆಚ್ಚು ಖರ್ಚು ಮಾಡಿದ್ದರು! ಅವರ ಮನೆಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಪಕ್ಕದ ಮನೆ ಮಾತ್ರ.

ಠಾಣೆಯ ಯಾವ ಸೊಸೈಟಿಗೆ ಬೇಕಾದರೂ ಹೋಗಿ, ಇದು ಕಾಣುತ್ತದೆ. ಒಂದು ವಿಂಗಿಗೆ ಒಂದು ದೊಡ್ಡ ಕಾರು ಬಂದರೆ, ಆ ವರ್ಷ ಅದೇ ವಿಂಗಿನಿಂದ ಸಾಲದ ವಿಚಾರಣೆಗಳು ಬರುತ್ತವೆ. ಇರುವ ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. "ಅದು ಸಣ್ಣದಾಯ್ತು" ಎನ್ನುತ್ತಾರೆ. ಮನೆಯಲ್ಲಿ ಜನ ಜಾಸ್ತಿ ಆದರಾ ಎಂದು ಕೇಳಿದರೆ ಇಲ್ಲ.

ಮುಂಬಯಿಯವರಿಗೆ ಪದ್ಮಿನಿ ನೆನಪಿರಬೇಕು. ನಮ್ಮ ಕುರ್ಲಾದ ಕಾರ್ಖಾನೆಯಲ್ಲೇ ಪ್ರೀಮಿಯರ್ ಕಂಪನಿ ಮಾಡುತ್ತಿದ್ದ ಕಾರು. ಒಂದು ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಅದು ಅಂಗಳದಲ್ಲಿ ನಿಂತರೆ ಊರಿನಲ್ಲಿ ದೊಡ್ಡ ಮನುಷ್ಯ. ಆಮೇಲೆ ಅದೇ ಪದ್ಮಿನಿ ಕರಿ-ಹಳದಿ ಟ್ಯಾಕ್ಸಿಯಾಗಿ ಬೀದಿ ಬೀದಿಯಲ್ಲಿ ತಿರುಗಿತು. 2023ರ ಅಕ್ಟೋಬರಿನಲ್ಲಿ ಕೊನೆಯದೂ ರಸ್ತೆಯಿಂದ ಹೋಯಿತು. ಅದೇ ಎಂಜಿನ್, ಅದೇ ಸ್ಟೇರಿಂಗ್. ಕಾರು ಬದಲಾಗಲಿಲ್ಲ, ಅದಕ್ಕೆ ಸಿಗುವ ಮರ್ಯಾದೆ ಬದಲಾಯಿತು.

ನ್ಯಾನೊದ್ದು ಇದರ ಇನ್ನೊಂದು ಮುಖ. ಗಂಡ, ಹೆಂಡತಿ, ಮಕ್ಕಳು ಒಂದೇ ಸ್ಕೂಟರಿನಲ್ಲಿ ಮಳೆಯಲ್ಲಿ ಹೋಗುವುದನ್ನು ನೋಡಿ ರತನ್ ಟಾಟಾ ಅವರಿಗೆ ಆ ಯೋಚನೆ ಬಂದದ್ದು. 2009ರ ಮಾರ್ಚಿನಲ್ಲಿ ಮುಂಬಯಿಯಲ್ಲೇ ಬಿಡುಗಡೆಯಾಯಿತು, ಬೆಲೆ ಒಂದು ಲಕ್ಷದ ಆಸುಪಾಸು. ಮಳೆಯಿಂದ ರಕ್ಷಣೆ ಬೇಕು ಅಂತ ಮಾತ್ರ ಜನ ಕಾರು ಕೊಳ್ಳುತ್ತಿದ್ದರೆ ಅದು ಮನೆಮನೆಗೆ ಬರಬೇಕಿತ್ತು. 2018ಕ್ಕೆ ತಯಾರಿಕೆಯೇ ನಿಂತಿತು. ಅದಕ್ಕೆ ಹಲವು ಕಾರಣ ಇದ್ದವು. "ಎಲ್ಲಕ್ಕಿಂತ ಅಗ್ಗದ ಕಾರು" ಎಂಬ ಹೆಸರು ಅಂಟಿದ್ದು ದೊಡ್ಡ ಪೆಟ್ಟು ಎಂದು ಟಾಟಾ ಅವರೇ ಆಮೇಲೆ ಹೇಳಿದರು. ಜನರಿಗೆ ಬೇಕಾಗಿದ್ದದ್ದು ತಲೆಯ ಮೇಲೊಂದು ಸೂರು ಮಾತ್ರವಲ್ಲ, ತಲೆ ಎತ್ತಿ ಊರಿಗೆ ಹೋಗುವ ಅವಕಾಶವೂ.

ಈ ಆಸೆಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಬೇರೆಯವರ ಕಾರಿನ ಗಾಜು ಒರೆಸಿ ದೊಡ್ಡವನಾದವನಿಗೆ ಸ್ವಂತ ಕಾರಿನಲ್ಲಿ ಊರಿನ ದೇವಸ್ಥಾನದ ಮುಂದೆ ಇಳಿಯಬೇಕು ಅನ್ನಿಸಿದರೆ ತಪ್ಪೇನಿದೆ? ಮೇ ತಿಂಗಳಲ್ಲಿ ಪನ್ವೇಲ್ ದಾಟಿ, ಚಿಪಳೂಣ, ರತ್ನಾಗಿರಿ, ಕಾರವಾರ ಅಂತ ರಾತ್ರಿಯಿಡೀ ಓಡಿಸಿಕೊಂಡು ಉಡುಪಿಗೆ ಹೋಗುವವರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಆರಾಮಾಗಿ ಮಲಗಿ ಹೋಗಬಹುದು ಅಂತ ಗೊತ್ತಿಲ್ಲವೇ? ಗೊತ್ತು. ಆದರೂ ಕಾರಿನಲ್ಲೇ ಹೋಗಬೇಕು. ನನ್ನ ದುಃಖ ಇಷ್ಟೇ: ಆ ಒಂದು ವಾರದ ಮರ್ಯಾದೆಗಾಗಿ ಉಳಿದ ಐವತ್ತೊಂದು ವಾರ ಕಂತು ಕಟ್ಟಬೇಕು. ಮುಂದಿನ ಮೇ ತಿಂಗಳಿಗೆ ದೊಡ್ಡಪ್ಪನ ಮಗ ಇನ್ನೂ ದೊಡ್ಡ ಕಾರಿನಲ್ಲಿ ಬಂದಿರುತ್ತಾನೆ.

ಕಂತಿನ ಲೆಕ್ಕವನ್ನು ಬಾಯಿಯಲ್ಲೇ ಹೇಳುತ್ತೇನೆ. ಹತ್ತು ಲಕ್ಷ ಸಾಲ, ಶೇಕಡಾ 9 ಬಡ್ಡಿ, ಏಳು ವರ್ಷ. ತಿಂಗಳಿಗೆ ಸುಮಾರು 16,100 ರೂಪಾಯಿ. ಮುಗಿಯುವಾಗ ಕಟ್ಟಿದ್ದು ಸುಮಾರು ಹದಿಮೂರೂವರೆ ಲಕ್ಷ. ಅಷ್ಟರಲ್ಲಿ ಕಾರಿನ ಬೆಲೆ? ವಿಮೆಯವರ ಲೆಕ್ಕದಲ್ಲಿ ಆರು ತಿಂಗಳು ದಾಟಿದರೆ ಶೇಕಡಾ 15 ಕಳೆಯುತ್ತಾರೆ, ಎರಡು ವರ್ಷ ದಾಟಿದರೆ 30, ನಾಲ್ಕು ವರ್ಷ ದಾಟಿದರೆ 50. ಇದರ ಮೇಲೆ ಪೆಟ್ರೋಲ್, ಸರ್ವಿಸ್, ಸೊಸೈಟಿಯ ಪಾರ್ಕಿಂಗ್ ಶುಲ್ಕ.

ದುಡ್ಡಿಗಿಂತ ಹೆಚ್ಚಾಗಿ ನಾನು ಹೆದರುವುದು ಆ 16,100 ಕಸಿದುಕೊಳ್ಳುವ ಬೇರೆ ಸಂಗತಿಗಳಿಗೆ. ಬಾಸ್ ಕಾಟ ಕೊಟ್ಟರೂ ಕೆಲಸ ಬಿಡುವ ಹಾಗಿಲ್ಲ. ತಂಗಿಯ ಓದಿಗೆ ಕೊಡುತ್ತೇನೆಂದು ಹೇಳಿದ ದುಡ್ಡು ಮುಂದಿನ ವರ್ಷಕ್ಕೆ ಹೋಗುತ್ತದೆ. ಇಂಥವರು ಬ್ಯಾಂಕಿಗೆ ಬಂದು ಕಂತನ್ನು ಸ್ವಲ್ಪ ಮುಂದೆ ಹಾಕಬಹುದಾ ಎಂದು ಕೇಳುವಾಗ ಅವರ ಧ್ವನಿ ಸಣ್ಣದಾಗಿರುತ್ತದೆ. ಕಾರಿನ ಆರ್‌ಸಿಯಲ್ಲಿ ಸಾಲ ತೀರುವವರೆಗೆ ಬ್ಯಾಂಕಿನ ಹೆಸರೂ ಇರುತ್ತದೆ. ಸಾಲ ತೀರಿಸಿ, ಬಾಕಿ ಇಲ್ಲ ಎನ್ನುವ ಎನ್‌ಒಸಿ ಮತ್ತು ಆ ಹೆಸರು ತೆಗೆಸಲು ಬೇಕಾದ ಫಾರ್ಮ್ 35 ಪಡೆಯಲು ಬಂದವರ ಮುಖವನ್ನೂ ನೋಡಿದ್ದೇನೆ. ಕಾರು ಕೊಂಡ ದಿನಕ್ಕಿಂತ ಹೆಚ್ಚು ನೆಮ್ಮದಿ ಆ ಮುಖಗಳಲ್ಲಿ ಇತ್ತು. ಕಾರು ಅಷ್ಟರಲ್ಲಿ ಹಳತಾಗಿತ್ತು, ಬಂಪರಿಗೆ ಗೀರು ಬಿದ್ದಿತ್ತು, ಅದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ಹಾಗಾದರೆ ಯಾರ ಖುಷಿ ಉಳಿಯಿತು? ತಾಯಿಯನ್ನು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಾಗಿದ್ದ ಒಬ್ಬರು ನೆನಪಾಗುತ್ತಾರೆ. ರಿಕ್ಷಾದವರು ಬರುವುದಿಲ್ಲ ಎನ್ನುತ್ತಿದ್ದರು, ಮುಗಿಸಿ ಬರುವಾಗ ತಾಯಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಅವರು ಕೊಂಡದ್ದು ಒಂದು ಹಳೆಯ ಕಾರು. ಅದರ ಬಗ್ಗೆ ಅವರು ಮಾತಾಡಿದಷ್ಟು ಪ್ರೀತಿಯಿಂದ ಹೊಸ ಕಾರಿನವರು ಯಾರೂ ಮಾತಾಡಿದ್ದು ಕೇಳಿಲ್ಲ. ಕೇಟರಿಂಗ್ ಮಾಡುವ ದಂಪತಿ ಇದ್ದರು, ಬೆಳಗಿನ ಜಾವ ಪಾತ್ರೆ ಸಾಗಿಸಲು ವ್ಯಾನ್ ಬೇಕಿತ್ತು. ರಾತ್ರಿ ಪಾಳಿಯ ನರ್ಸ್ ಒಬ್ಬರು ಸ್ಕೂಟರ್ ಸಾಲ ಮಾಡಿದರು, ಕತ್ತಲಲ್ಲಿ ಸ್ಟೇಷನ್ನಿನಿಂದ ಮನೆಗೆ ನಡೆಯುವ ಭಯ ಹೋಯಿತು. ಇವರಲ್ಲಿ ಯಾರೂ "ಖುಷಿ ಸಿಗುತ್ತಾ" ಎಂದು ನನ್ನನ್ನು ಕೇಳಿರಲಿಲ್ಲ.

ಆದ್ದರಿಂದ ಈಗ ಕೇಳುವವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಕಳೆದ ವಾರದ ನಿಮ್ಮ ಏಳು ದಿನಗಳನ್ನು ಬರೆಯಿರಿ. ಎಲ್ಲಿ ಹೋದಿರಿ, ಯಾರ ಜೊತೆ, ಯಾವ ಹೊತ್ತು ಕಷ್ಟವಾಯಿತು. ಕಾರು ಇದ್ದಿದ್ದರೆ ಇದರಲ್ಲಿ ಯಾವ ಹೊತ್ತು ಬದಲಾಗುತ್ತಿತ್ತು ಎಂದು ಗುರುತು ಹಾಕಿ. ಒಂದೂ ಸಿಗದಿದ್ದರೆ ಊರಿಗೆ ಹೋಗುವಾಗ ಬಾಡಿಗೆ ಕಾರು ತೆಗೆದುಕೊಳ್ಳಿ, ಮಿಕ್ಕ ದುಡ್ಡು ಕೈಯಲ್ಲಿರಲಿ. ಅಪ್ಪ ಅಮ್ಮನನ್ನು ವರ್ಷಕ್ಕೊಮ್ಮೆ ಎಲ್ಲಾದರೂ ಕರೆದುಕೊಂಡು ಹೋಗಿ. ಮಾಡಿದ ಪ್ರವಾಸದ ಖುಷಿ ಕೊಂಡ ವಸ್ತುವಿನ ಖುಷಿಗಿಂತ ಹೆಚ್ಚು ಎಂದು ಲೀಫ್ ವ್ಯಾನ್ ಬೋವನ್ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲೇ ತೋರಿಸಿದ್ದಾರೆ.

ಗುರುತು ಬಿದ್ದರೆ ಧೈರ್ಯವಾಗಿ ತಗೊಳ್ಳಿ. ಮೂರು ನಾಲ್ಕು ವರ್ಷ ಹಳೆಯ ಕಾರು ಸಾಕು, ಬೆಲೆ ಇಳಿಯುವ ನಷ್ಟದ ದೊಡ್ಡ ಪಾಲನ್ನು ಮೊದಲ ಮಾಲೀಕರೇ ಹೊತ್ತಿರುತ್ತಾರೆ. ಆರ್‌ಸಿಯಿಂದ ಹಳೆಯ ಬ್ಯಾಂಕಿನ ಹೆಸರು ತೆಗೆದಿದೆಯಾ ಎಂದು ನೋಡದೆ ಮುಂಗಡ ಕೊಡಬೇಡಿ. ಸಾಲದ ಅವಧಿ ಐದು ವರ್ಷ ದಾಟುವುದು ಬೇಡ. ಪಾರ್ಕಿಂಗ್ ವಿಷಯದಲ್ಲಿ ಬಿಲ್ಡರ್ ಮಾತು ನಂಬಬೇಡಿ. ಬಿಲ್ಡಿಂಗಿನ ಸ್ಟಿಲ್ಟ್ ಜಾಗವನ್ನು, ಅಂದರೆ ಕೆಳಗೆ ಕಂಬಗಳ ನಡುವೆ ಬಿಟ್ಟ ಜಾಗವನ್ನು, ಆಗಿನ ಕಾನೂನಿನ ಪ್ರಕಾರ ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ನಮ್ಮ ಮುಂಬಯಿಯ ಒಂದು ಸೊಸೈಟಿಯ ಪ್ರಕರಣದಲ್ಲೇ ಹೇಳಿತ್ತು. ಕಾರು ಬುಕ್ ಮಾಡುವ ಮೊದಲು ಸೊಸೈಟಿ ಕಮಿಟಿಯಿಂದ ಜಾಗದ ಬಗ್ಗೆ ಕಾಗದದಲ್ಲಿ ಬರೆಸಿಕೊಳ್ಳಿ.