ಗಿಲಕಿಗೆ 40 ರೂಪಾಯಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ನಮ್ಮೂರು ಮಂಡ್ಯ. ಶುಕ್ರವಾರ ಆಫೀಸು ಮುಗಿಸಿ ಹೊರಟರೆ ರಾತ್ರಿ ಊಟಕ್ಕೆ ಅಮ್ಮನ ಮನೆ. ಮೊದಲಾದರೆ ರಾಮನಗರ, ಚನ್ನಪಟ್ಟಣ, ಮದ್ದೂರು ಅಂತ ಒಂದೊಂದೇ ಊರಿನ ಟ್ರಾಫಿಕ್ಕಿನಲ್ಲಿ ತೆವಳಬೇಕಿತ್ತು. ಈಗ ಬೈಪಾಸು. ಚನ್ನಪಟ್ಟಣ ಯಾವಾಗ ಬಂತು, ಯಾವಾಗ ಹೋಯ್ತು, ಗೊತ್ತೇ ಆಗುವುದಿಲ್ಲ.

ಹಾಗೆ ಗೊತ್ತಾಗದೇ ಇರುವುದೇ ಅಲ್ಲಿಯವರ ತಾಪತ್ರಯ ಅಂತ ತಿಳಿದದ್ದು ಆ ವರ್ಷದ ಜುಲೈನಲ್ಲಿ. ಹಳೆ ಹೆದ್ದಾರಿಯ ಎರಡೂ ಬದಿಯ ಗೊಂಬೆ ಅಂಗಡಿಗಳು ನಡೆಯುತ್ತಿದ್ದದ್ದೇ ದಾರಿಹೋಕರಿಂದ. ಕಾರು ನಿಲ್ಲಿಸಿ, ಕಾಫಿ ಕುಡಿದು, ಮಗುವಿಗೊಂದು ಮರದ ರೈಲು ಕೊಂಡುಹೋಗುವವರಿಂದ. ಆ ಕಾರುಗಳೆಲ್ಲ ಈಗ ನನ್ನ ಹಾಗೆ ಬೈಪಾಸಿನಲ್ಲಿ ಹೋಗುತ್ತಿದ್ದವು.

ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಹೋಗಿ ಏನಾದರೂ ಕಲಿಸುವ ಪದ್ಧತಿ ಇದೆ. ಸಾಮಾನ್ಯವಾಗಿ ಒಂದು ದಿನ ಹೋಗುವುದು, ಟಿ-ಶರ್ಟ್ ಹಂಚುವುದು, ಫೋಟೊ ತೆಗೆಸಿಕೊಳ್ಳುವುದು. ಆ ಸಲ ನಾವು ಮೂವರು ಸ್ವಲ್ಪ ಹಟ ಮಾಡಿದೆವು. ನಾನು ವೆಬ್‌ಸೈಟಿನ ಕೋಡ್ ಬರೆಯುವವಳು. ಇನ್ನೊಬ್ಬಳು ಡಿಸೈನರ್. ಮೂರನೆಯವನು ಟೆಸ್ಟರ್, ಅಂದರೆ ನಾವಿಬ್ಬರೂ ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಎಂಟು ಶನಿವಾರ ಕೊಡಿ, ಒಂಬತ್ತನೇ ಕ್ಲಾಸಿನ ಮಕ್ಕಳು ಒಬ್ಬ ಗೊಂಬೆ ಕೆಲಸದವರಿಗೆ ನಿಜವಾದ ವೆಬ್‌ಸೈಟ್ ಮಾಡಿಕೊಡಲಿ ಅಂದೆವು. ಡೆಮೊ ಅಲ್ಲ. ಫೋನ್ ನಂಬರ್ ಇರುವ, ಜನ ನೋಡುವ ಸೈಟು.

ಚನ್ನಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆ. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಲ್ಯಾಬ್ ನಮ್ಮದು. ಹನ್ನೆರಡು ಕಂಪ್ಯೂಟರ್, ಆನ್ ಆಗುವುದು ಆರು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಕರೆಂಟ್ ಹೋದರೆ ಬರೆದದ್ದೆಲ್ಲ ಹೋಗುತ್ತಿತ್ತು. ಎರಡನೇ ವಾರಕ್ಕೆಲ್ಲ ಮಕ್ಕಳಿಗೆ ಪ್ರತಿ ಸಾಲಿಗೂ ಕಂಟ್ರೋಲ್-ಎಸ್ ಒತ್ತುವ ಅಭ್ಯಾಸ ಬಂದಿತ್ತು. ನನಗೆ ಅದು ಬರಲು ಕೆಲಸಕ್ಕೆ ಸೇರಿ ಎರಡು ವರ್ಷ ಬೇಕಾಗಿತ್ತು.

ಗಿರಾಕಿ ಯಾರಾಗಬೇಕು ಅನ್ನುವುದು ತಾನಾಗೇ ತೀರ್ಮಾನವಾಯಿತು. ಒಬ್ಬ ಹುಡುಗಿಯ ತಾತ ಐವತ್ತು ವರ್ಷದಿಂದ ಲೇತಿನ ಮುಂದೆ ಕೂತವರು. ಮೊದಲ ದಿನ ಎಲ್ಲರೂ ಅವರ ಕಾರ್ಖಾನೆಗೆ ಹೋದೆವು. ಕಾರ್ಖಾನೆ ಅಂದರೆ ಮನೆಯ ಹಿಂದಿನ ಶೀಟಿನ ಕೋಣೆ. ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿತ್ತು. ತಾತ ಉಳಿ ಹಿಡಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಆಮೇಲೆ ಅರಗಿನ ಬಣ್ಣದ ಕಡ್ಡಿ ಒತ್ತಿದರು. ಮರಕ್ಕೆ ಉಜ್ಜಿಕೊಂಡ ಬಿಸಿಗೆ ಅರಗು ಕರಗಿ ಹಳದಿ ಬಣ್ಣ ಮೆತ್ತಿಕೊಂಡಿತು. ಕೊನೆಗೆ ಒಣಗಿದ ಗರಿಯಿಂದ ಒತ್ತಿ ಹಿಡಿದು ಹೊಳಪು ಬರಿಸಿದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮಕ್ಕಳು ನನ್ನನ್ನು ನೋಡುತ್ತಿದ್ದರು. ಅವರಿಗೆ ಇದೆಲ್ಲ ದಿನಾ ನೋಡುವ ಕೆಲಸ, ಅಲ್ವಾ?

ಮುಂದಿನ ವಾರ ಮಕ್ಕಳು ಬರೆದು ತಂದ ಮೊದಲ ಪುಟದಲ್ಲಿ ಟಿಪ್ಪು ಸುಲ್ತಾನ್ ಇದ್ದ, ಪರ್ಷಿಯಾದ ಕುಶಲಕರ್ಮಿಗಳಿದ್ದರು, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇತ್ತು. ಎಲ್ಲಿಂದಲೋ ಎತ್ತಿದ್ದು. ತಾತ ಓದಿಸಿಕೊಂಡು ಕೇಳಿದರು. "ಚೆನ್ನಾಗೈತೆ. ಇದರಲ್ಲಿ ನಾನೆಲ್ಲಿ?" ಅಂದರು. ಆ ಪುಟ ಅಲ್ಲಿಗೆ ಮುಗಿಯಿತು. ಇನ್ನೊಂದು ಕಡೆ "ಮಕ್ಕಳಿಗೆ ನೂರಕ್ಕೆ ನೂರು ಸುರಕ್ಷಿತ" ಅಂತ ಬರೆದಿದ್ದರು. ನಮ್ಮ ಡಿಸೈನರ್, "ಇದನ್ನ ಯಾರು ಪರೀಕ್ಷೆ ಮಾಡಿದ್ದು?" ಅಂತ ಕೇಳಿದಳು. ಯಾರೂ ಮಾಡಿಲ್ಲ. ತಾತನನ್ನೇ ಕೇಳಿದಾಗ ಅವರು, "ಅರಿಶಿನ ಹಾಕೋ ಹಳದಿ ನಂಗೆ ಗೊತ್ತು. ಅಂಗಡಿಯಿಂದ ತರೋ ಪುಡಿ ನಂಗೊತ್ತಿಲ್ಲ" ಅಂದುಬಿಟ್ಟರು. ಆ ಸಾಲು ಹೊಡೆದು ಹಾಕಿದೆವು. ಆಫೀಸಿನಲ್ಲಿ ಎಷ್ಟು ಸಲ ಇಂಥ ಸಾಲನ್ನು ನಾನು ಕಣ್ಣು ಮುಚ್ಚಿಕೊಂಡು ಪೇಸ್ಟ್ ಮಾಡಿಲ್ಲ!

ಕನ್ನಡ ಕೊಟ್ಟ ಕಾಟ ಬೇರೆ. ಕನ್ನಡ ಮೇಷ್ಟ್ರು ಪ್ರೀತಿಯಿಂದ ಎರಡು ಪುಟ ಟೈಪ್ ಮಾಡಿಕೊಟ್ಟಿದ್ದರು, ‘ನುಡಿ’ ಅನ್ನುವ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ. ಪುಟಕ್ಕೆ ಹಾಕಿದರೆ ಡಾಲರ್ ಗುರುತು, ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ, ಏನೇನೋ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿ ಒಂದು ಮಧ್ಯಾಹ್ನ ಕಳೆದೆವು. ಆಮೇಲೆ ನನ್ನದೇ ತಪ್ಪು. ಇಂಗ್ಲಿಷ್ ಸೈಟು ಮಾಡಿ ರೂಢಿಯಾದ ಕೈ. ಶೀರ್ಷಿಕೆಯ ಸಾಲಿನ ಎತ್ತರ ಕಮ್ಮಿ ಇಟ್ಟು, ಚೌಕಟ್ಟಿನಿಂದ ಆಚೆ ಹೋದದ್ದನ್ನು ಕತ್ತರಿಸು ಅಂತ ಬರೆದಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಕೈ ಎತ್ತಿದ. "ಮಿಸ್, ನಮ್ಮೂರಿಗೆ ಕಾಲೇ ಇಲ್ಲ."

ನೋಡಿದೆ. "ಚನ್ನಪಟ್ಟಣ"ದಲ್ಲಿ ಎರಡು ಒತ್ತಕ್ಷರ. ಎರಡರ ಬುಡವೂ ಹಾರಿಹೋಗಿತ್ತು. ಸಾಲಿನ ಎತ್ತರ 1.2 ಇದ್ದದ್ದನ್ನು 1.7 ಮಾಡಿದ ಮೇಲೆ ಊರು ನೆಲಕ್ಕೆ ಕಾಲೂರಿ ನಿಂತಿತು.

ಆರನೇ ಶನಿವಾರ ಸೈಟು ಸಿದ್ಧ. ನಮ್ಮ ಟೆಸ್ಟರ್ ತಾತನ ಕೈಗೆ ಅವರದೇ ಫೋನ್ ಕೊಟ್ಟು, ಮಕ್ಕಳಿಗೆ ಒಂದೇ ನಿಯಮ ಹೇಳಿದ: ಐದು ನಿಮಿಷ ಯಾರೂ ಬಾಯಿ ಬಿಡಬಾರದು, ಬೆರಳು ತೋರಿಸಬಾರದು. ಹದಿನಾಲ್ಕು ವರ್ಷದವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮೇಲಿನ ದೊಡ್ಡ ಚಿತ್ರ ನನ್ನ ಆಸೆ, ಲೇತಿನ ಮುಂದೆ ತಾತ ಕೂತ ಫೋಟೊ. ಅದು ಲೋಡ್ ಆಗುತ್ತಾ, ಆಗುತ್ತಾ, ತಾತ ಫೋನ್ ಪಕ್ಕಕ್ಕಿಟ್ಟು ಎಲೆ ಅಡಿಕೆ ಹಾಕಿಕೊಂಡರು. ಫೋಟೊ ನಾಲ್ಕು ಎಂಬಿ ಇತ್ತು. ಮಕ್ಕಳು ತುಟಿ ಕಚ್ಚಿಕೊಂಡು ನನ್ನ ಕಡೆ ತಿರುಗಿದರು. ಆ ದಿನ ಸಂಜೆ ಅದನ್ನು ನೂರು ಕೆಬಿಗಿಂತ ಕಡಿಮೆಗೆ ಇಳಿಸಿದವಳು ತಾತನ ಮೊಮ್ಮಗಳು.

ಸೈಟು ಜನರಿಗೆ ಬಿಟ್ಟೆವು. ಲಿಂಕ್ ನಮ್ಮ ನಮ್ಮ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಮುಂದಿನ ಶನಿವಾರ ನಾನು ಮದ್ದೂರು ವಡೆ ಕಟ್ಟಿಸಿಕೊಂಡು ಖುಷಿಯಾಗಿ ಹೋದೆ.

ಲ್ಯಾಬಿನ ಬಾಗಿಲಲ್ಲಿ ತಾತ ನಿಂತಿದ್ದರು.

"ಗಿಲಕಿ ಜೋಡಿ ನಲವತ್ತು ರೂಪಾಯಿ ಅಂತ ಯಾರವ್ವಾ ಹಾಕಿದ್ದು?"

ಗಿಲಕಿ ಜೋಡಿಗೆ 180. ಬುಗುರಿಗೆ 40. ಬುಗುರಿಯ ಪೆಟ್ಟಿಗೆಯನ್ನು ಕಾಪಿ ಮಾಡಿ, ಚಿತ್ರ ಬದಲಿಸಿ, ಹೆಸರು ಬದಲಿಸಿ, ಬೆಲೆ ಬದಲಿಸುವುದನ್ನು ಮರೆತಿದ್ದರು. ನಾನು ನೋಡಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ತಪ್ಪು ಹುಡುಕುವುದೇ ಕೆಲಸವಾದ ನಮ್ಮ ಟೆಸ್ಟರ್‌ಗೂ ಬಿದ್ದಿರಲಿಲ್ಲ. ಮೈಸೂರಿನಲ್ಲಿ ಪ್ಲೇ ಹೋಮ್ ನಡೆಸುವ ಒಬ್ಬರು ತಾತನಿಗೆ ಫೋನ್ ಮಾಡಿ ಅರವತ್ತು ಜೋಡಿ ಕೇಳಿದ್ದರು. ತಾತ 180 ಅಂದಿದ್ದಾರೆ. ಅವರು, ಸೈಟಿನಲ್ಲಿ ಒಂದು, ಬಾಯಲ್ಲಿ ಒಂದು, ಇದು ಮೋಸ ಅಂದಿದ್ದಾರೆ.

"ಐವತ್ತು ವರ್ಷದಲ್ಲಿ ಆ ಮಾತು ಯಾರೂ ಅಂದಿರಲಿಲ್ಲ" ಅಂದರು ತಾತ. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿಯಿತ್ತು.

ನನ್ನ ತಲೆ ಆಫೀಸಿನ ತಲೆಯಂತೆಯೇ ಓಡಿತು. ಬೆಲೆ ಸರಿ ಮಾಡೋಣ, ಕೆಳಗೆ ಸಣ್ಣ ಅಕ್ಷರದಲ್ಲಿ "ಬೆಲೆಗಳು ಬದಲಾಗಬಹುದು" ಅಂತ ಹಾಕೋಣ, ಮುಗೀತು. ಹಾಗೇ ಹೇಳಿದೆ ಕೂಡ. ಆಗ ಆ ಪೆಟ್ಟಿಗೆ ಕಾಪಿ ಮಾಡಿದ್ದ ಹುಡುಗ ಎದ್ದು ನಿಂತ. ಊರಿಗೆ ಕಾಲಿಲ್ಲ ಅಂದಿದ್ದನಲ್ಲ, ಅವನೇ. "ಮಿಸ್, ನಾನು ಅವರಿಗೆ ಫೋನ್ ಮಾಡ್ತೀನಿ."

ಬೇಡ ಅಂದೆ. ಮಗು ಯಾಕೆ ಬೈಸಿಕೊಳ್ಳಬೇಕು? ಹೆಡ್‌ಮಾಸ್ಟರ್ ಏನಂದಾರು? ಅವನು ಕೇಳಲಿಲ್ಲ. ತಾತ ಸುಮ್ನೆ ಫೋನ್ ಅವನ ಕಡೆ ಚಾಚಿದರು. ಸ್ಪೀಕರ್ ಹಾಕಿದ. ಇಡೀ ಲ್ಯಾಬಿನಲ್ಲಿ ಫ್ಯಾನಿನ ಕಿರ್ ಕಿರ್ ಬಿಟ್ಟರೆ ಸದ್ದಿಲ್ಲ. ಅವನು ಹೇಳಿದ್ದು ಇಷ್ಟೇ: "ಮೇಡಂ, ನಾವು ಸ್ಕೂಲ್ ಮಕ್ಕಳು. ಬೆಲೆ ನಾನು ತಪ್ಪು ಹಾಕಿದೆ. ತಾತ ಮೋಸ ಮಾಡಿಲ್ಲ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಸರಿ, ಆಯ್ತು" ಅಂದು ಇಟ್ಟುಬಿಟ್ಟರು. ಆರ್ಡರ್ ಬರಲಿಲ್ಲ, ಆಮೇಲೂ ಬರಲಿಲ್ಲ.

ಹುಡುಗ ಕೂತ. ಕಿವಿ ಕೆಂಪಗಾಗಿತ್ತು. ವಡೆ ಪೊಟ್ಟಣ ಯಾರೂ ಬಿಚ್ಚಲಿಲ್ಲ.

ಆಮೇಲೆ ಒಂದೂವರೆ ಗಂಟೆ ನಡೆದ ಜಗಳದಷ್ಟು ಒಳ್ಳೆಯ ಮೀಟಿಂಗ್ ನಾನು ಇವತ್ತಿಗೂ ಕಂಡಿಲ್ಲ. ತಾತ, ಬೆಲೆಯನ್ನೇ ತೆಗೀರಿ ಅಂದರು. ಮರದ ರೇಟು ಏರುತ್ತೆ, ಅರಗಿನ ರೇಟು ಏರುತ್ತೆ, ಫೋನ್ ಮಾಡಲಿ, ಮಾತಾಡ್ತೀನಿ. ಬೆಲೆ ಇಲ್ಲದಿದ್ದರೆ ಜನ ಫೋನೇ ಮಾಡಲ್ಲ ಅಂತ ನಮ್ಮ ಡಿಸೈನರ್. ಹುಡುಗರದ್ದು ಒಂದು ಪಕ್ಷ, ಹುಡುಗಿಯರದ್ದು ಇನ್ನೊಂದು. ಕೊನೆಗೆ ತರಕಾರಿ ಮಾರುವ ಮನೆಯ ಹುಡುಗಿಯೊಬ್ಬಳು ಹೇಳಿದಳು: "ಮಾರ್ಕೆಟ್ಟಲ್ಲಿ ಬೋರ್ಡ್ ಮೇಲೆ ತಾರೀಖು ಬರೀತಾರಲ್ಲ ಮಿಸ್, ಇವತ್ತಿನ ರೇಟು ಅಂತ. ನಾವೂ ಬರೆಯೋಣ."

ಹಾಗೇ ಆಯಿತು. ಬೆಲೆಪಟ್ಟಿಯ ತಲೆಯ ಮೇಲೆ, ಸಣ್ಣ ಅಕ್ಷರದಲ್ಲಲ್ಲ, ದಪ್ಪಗೆ: "ಇದು ಸೆಪ್ಟೆಂಬರ್ ತಿಂಗಳ ಬೆಲೆ." ತಿಂಗಳ ಮೊದಲ ಭಾನುವಾರ ಮೊಮ್ಮಗಳು ನೋಟ್‌ಬುಕ್ ಹಿಡಿದು ತಾತನ ಪಕ್ಕ ಕೂರಬೇಕು. ಬೆಲೆ ಬದಲಿಸುವಾಗ ಇಬ್ಬರಿರಬೇಕು: ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸ್ಕ್ರೀನಿನ ಮೇಲೆ ಬೆರಳಿಟ್ಟು ನೋಡಬೇಕು. ಈ ನಿಯಮ ಮಾಡಿದ್ದು ಕಿವಿ ಕೆಂಪಗಾಗಿದ್ದ ಹುಡುಗ. ನಮ್ಮ ಆಫೀಸಿನಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಮಾಡುವವರು ಕಮ್ಮಿ.

ವಡೆ ತಣ್ಣಗಾಗಿತ್ತು. ತಾತ ಎರಡು ತಿಂದರು.

ಎಂಟು ಶನಿವಾರ ಮುಗಿದವು. ಸೈಟು ಈಗಲೂ ಇದೆ, ಅದರ ವೆಬ್ ವಿಳಾಸದ ದುಡ್ಡು ವರ್ಷಕ್ಕೊಮ್ಮೆ ನಾನು ಕಟ್ಟುತ್ತೇನೆ. ವಾರಕ್ಕೆ ಒಂದೋ ಎರಡೋ ಫೋನ್ ಬರುತ್ತವಂತೆ. ಹಳೆ ಹೆದ್ದಾರಿಯ ವ್ಯಾಪಾರ ಹೋದದ್ದಕ್ಕೆ ಅದೇನೂ ಸಾಟಿಯಲ್ಲ. ಮಂಡ್ಯಕ್ಕೆ ಹೋಗುವಾಗ ಒಮ್ಮೊಮ್ಮೆ ಬೈಪಾಸ್ ಬಿಟ್ಟು ಊರೊಳಗೆ ತಿರುಗುತ್ತೇನೆ. ಒಮ್ಮೊಮ್ಮೆ, ಅಷ್ಟೇ.

2025ರ ಫೆಬ್ರವರಿಯಲ್ಲಿ ಸೈಟು ತೆಗೆದು ನೋಡಿದರೆ ಬೆಲೆಪಟ್ಟಿಯ ಮೇಲೆ "ಡಿಸೆಂಬರ್" ಅಂತಲೇ ಇತ್ತು. ಮೊಮ್ಮಗಳ ಅಮ್ಮನ ಫೋನಿಗೆ ಮೆಸೇಜ್ ಹಾಕಿದೆ. ರಾತ್ರಿ ಉತ್ತರ ಬಂತು: "ಮಿಸ್, ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ನಡೀತಿದೆ. ಮುಗಿದ ಮೇಲೆ ಮಾಡ್ತೀವಿ. ಅಲ್ಲೀವರೆಗೆ ಫೋನ್ ಮಾಡಿದೋರಿಗೆಲ್ಲ ತಾತ ಹೇಳ್ತಿದ್ದಾರೆ, ಹುಡುಗ್ರಿಗೆ ಪರೀಕ್ಷೆ ಕಣಮ್ಮ, ಅದು ಹಳೇ ಬೆಲೆ ಅಂತ."