ಆನೆ ಬಂದಿದೆ ಎಂದು ತಿಳಿಸಲು ಆ್ಯಪ್ ಬೇಕಿಲ್ಲ

ತಮಿಳುನಾಡಿನ ಆನೈಮಲೆ ಬೆಟ್ಟಗಳ ನಡುವೆ ವಾಲ್ಪಾರೈ ಇದೆ. ಸುಮಾರು 220 ಚದರ ಕಿಲೋಮೀಟರ್ ಜಾಗದಲ್ಲಿ ಚಹಾ, ಕಾಫಿ ತೋಟಗಳು, ಮಧ್ಯೆ ಮಧ್ಯೆ ತುಂಡು ಕಾಡು. ಅಲ್ಲಿ ಆನೆಗೆ ಸಿಕ್ಕಿ ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಹತ್ತಿರ ಇರುವುದೇ ಗೊತ್ತಿರಲಿಲ್ಲ. ಹಾಗಾಗಿ ವನ್ಯಜೀವಿ ಸಂರಕ್ಷಣೆಯ ಸಂಸ್ಥೆಯಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬೇಲಿಗಿಂತ ಮೊದಲು ಸುದ್ದಿ ಮುಟ್ಟಿಸುವ ವ್ಯವಸ್ಥೆ ಕಟ್ಟಿತು: ಕೇಬಲ್ ಟಿವಿಯಲ್ಲಿ ಓಡುವ ಸಾಲು, ಎಸ್‌ಎಂಎಸ್, ಧ್ವನಿ ಕರೆ, ಮೊಬೈಲಿನಿಂದ ಹೊತ್ತಿಸುವ ಕೆಂಪು ದೀಪ. ಈ ಕೆಲಸಕ್ಕೆ ಆ ಸಂಸ್ಥೆಯ ಎಂ. ಆನಂದ ಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಗೆ ಕೊಡುವ ವಿಟ್ಲಿ ಪ್ರಶಸ್ತಿ ಬಂತು. ನಮ್ಮ ಹಾಸನ ಜಿಲ್ಲೆಯಲ್ಲೂ ಅರಣ್ಯ ಇಲಾಖೆಯ ಜೊತೆ ಇಂಥದ್ದೇ ವ್ಯವಸ್ಥೆ ನಡೆದಿದೆ.

ಇಂಥ ಕೆಲಸಕ್ಕೆ ಇಳಿಯುವ ಹಲವು ಸಂಸ್ಥೆಗಳು ಆ್ಯಪ್‌ನಿಂದ, ನಕ್ಷೆಯಿಂದ ಶುರು ಮಾಡುತ್ತವೆ. ಆದರೆ ಅಪಾಯ ಇರುವುದು ಕೆಲಸ ಮುಗಿಸಿ ಮಬ್ಬುಗತ್ತಲಲ್ಲಿ ಲೈನ್ ಮನೆಗೆ (ತೋಟದ ಕೂಲಿಯವರ ಸಾಲು ಮನೆ) ನಡೆದುಹೋಗುವವರಿಗೆ. ಅವರಲ್ಲಿ ಹಲವರ ಕೈಯಲ್ಲಿರುವುದು ಬಟನ್ ಫೋನು, ಎಷ್ಟೋ ತೋಟಗಳೊಳಗೆ ಡೇಟಾ ಸಿಗುವುದಿಲ್ಲ. ಅವರಿಂದಲೇ ಶುರು ಮಾಡಬೇಕು.

ಎಸ್‌ಎಂಎಸ್ ಸುಲಭ ಅನ್ನಿಸುತ್ತದೆ, ಆದರೆ ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಸ್ಥಾನ ಮಾತ್ರ. ಇಂಗ್ಲಿಷಿಗೆ 160. ಅದೂ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಎಣಿಕೆಗೆ ಬರುತ್ತವೆ: ‘ಎಚ್ಚರಿಕೆ’ ಕಣ್ಣಿಗೆ ನಾಲ್ಕು ಅಕ್ಷರ, ಫೋನಿಗೆ ಎಂಟು. 70 ದಾಟಿದರೆ ಸಂದೇಶ 67ರ ತುಂಡುಗಳಾಗಿ ಹೋಗುತ್ತದೆ, ಖರ್ಚು ಎರಡರಷ್ಟಾಗುತ್ತದೆ. ಆದ್ದರಿಂದ ‘ಎಚ್ಚರಿಕೆ’ಯನ್ನೇ ಬಿಡಿ. ‘ಆನೆ 3. ಕೆರೆ ಏರಿ ಬಳಿ. ಸಂಜೆ 5.40. ಆ ದಾರಿ ಬೇಡ.’ ಇಷ್ಟಕ್ಕೆ 43 ಸ್ಥಾನ ಸಾಕು, ಸಂಸ್ಥೆಯ ಹೆಸರಿಗೂ ಜಾಗ ಉಳಿಯುತ್ತದೆ. ಜಾಗದ ಹೆಸರು ಜನ ಕರೆಯುವ ಹೆಸರೇ ಆಗಿರಲಿ, ಸರ್ವೆ ನಂಬರಿನಿಂದ ಯಾರಿಗೂ ದಾರಿ ತಿಳಿಯುವುದಿಲ್ಲ. ಒಟ್ಟಿಗೆ ಬಹಳ ಜನರಿಗೆ ಕಳಿಸುವ ಬಲ್ಕ್ ಸಂದೇಶಕ್ಕೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ, ಕಳಿಸುವವರನ್ನು ದಾಖಲಿಸುವ ಡಿಎಲ್‌ಟಿ ನೋಂದಣಿ ಬೇಕು, ವಾಕ್ಯದ ಅಚ್ಚಿಗೂ ಮೊದಲೇ ಒಪ್ಪಿಗೆ ಬೇಕು. ಆನೆ ಬಂದ ಹೊತ್ತಿಗೆ ಜಾಗ, ಸಮಯದಂಥ ಖಾಲಿ ಬಿಟ್ಟ ಕಡೆ ತುಂಬಬಹುದೇ ಹೊರತು ಉಳಿದ ಮಾತು ಬದಲಿಸಲು ಆಗುವುದಿಲ್ಲ. ಒಂಟಿ ಸಲಗ, ಮರಿ ಇರುವ ಹಿಂಡು, ರಸ್ತೆ ದಾಟುವುದು, ಆನೆ ಹೊರಟುಹೋಗಿದ್ದು, ಎಲ್ಲಕ್ಕೂ ಮುಂಚೆಯೇ ಒಪ್ಪಿಗೆ ತೆಗೆದಿಡಿ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ.

ಓದಲು ಬಾರದವರಿಗೆ ಧ್ವನಿ ಕರೆ. ಮೊದಲ ಐದು ಸೆಕೆಂಡಿನೊಳಗೆ ಜಾಗದ ಹೆಸರು ಕೇಳಬೇಕು. ನಮಸ್ಕಾರ, ಸಂಸ್ಥೆಯ ಪರಿಚಯ ಎಂದು ಶುರು ಮಾಡಿದರೆ ಜಾಹೀರಾತು ಎಂದು ಕರೆ ಕತ್ತರಿಸುತ್ತಾರೆ. ಮಲೆನಾಡಿನ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕೆಲಸಗಾರರೂ ಇರುವುದರಿಂದ ಹಿಂದಿಯಲ್ಲೂ ಧ್ವನಿ ಮುದ್ರಿಸಿಡಬೇಕು. ಇಡೀ ತಾಲ್ಲೂಕಿಗೆ ಕರೆ ಮಾಡಬೇಡಿ. ಎರಡು ಕಿಲೋಮೀಟರ್ ದೂರದೊಳಗಿನವರಿಗೆ ಸಾಕು. ತನಗೆ ಸಂಬಂಧವಿಲ್ಲದ ಕರೆ ದಿನಾ ಬಂದರೆ, ಬೇಕಾದ ದಿನವೂ ಎತ್ತುವುದಿಲ್ಲ.

ಕೆಂಪು ದೀಪ ನನಗೆ ಎಲ್ಲಕ್ಕಿಂತ ಇಷ್ಟ, ಏಕೆಂದರೆ ನೋಡುವವರ ಬಳಿ ಫೋನೇ ಇರಬೇಕಿಲ್ಲ. ಒಂದು ಜಿಎಸ್‌ಎಂ ಮಾಡ್ಯೂಲ್ (ಕರೆ ಸ್ವೀಕರಿಸುವ ಭಾಗ), ಸಿಮ್, ರಿಲೇ (ದೀಪ ಹೊತ್ತಿಸುವ ಸ್ವಿಚ್), ಎಲ್‌ಇಡಿ, ಬ್ಯಾಟರಿ, ಸೋಲಾರ್ ಪ್ಯಾನೆಲ್. ನೋಂದಾಯಿಸಿದ ಮೂರ್ನಾಲ್ಕು ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ಹೊತ್ತಿಕೊಳ್ಳುತ್ತದೆ. ಕೆಡುವುದು ಸರ್ಕ್ಯೂಟ್ ಅಲ್ಲ, ಸಿಮ್: ರೀಚಾರ್ಜ್ ಅವಧಿ ಮುಗಿದರೆ ದೀಪ ಸದ್ದಿಲ್ಲದೆ ಸಾಯುತ್ತದೆ. ಇನ್ನೊಂದು ತೊಂದರೆ, ಆರಿಸುವುದನ್ನು ಮರೆಯುವುದು. ಮೂರು ದಿನ ಸುಮ್ಮನೆ ಉರಿದ ದೀಪವನ್ನು ನಾಲ್ಕನೇ ದಿನ ಯಾರೂ ನಂಬುವುದಿಲ್ಲ. ಕೆಲವು ಗಂಟೆಗಳ ನಂತರ ತಾನೇ ಆರುವ ಟೈಮರ್ ಹಾಕಿ. ಆನೆ ಇನ್ನೂ ಅಲ್ಲೇ ಇದ್ದರೆ ಮತ್ತೆ ಕರೆ ಮಾಡಲಿ.

ಆನೆಯ ಜಾಗವನ್ನು ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಹಾಕುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ವಿಡಿಯೋ ಮಾಡಲು ಜನ ನುಗ್ಗುತ್ತಾರೆ, ಆನೆ ಗಾಬರಿಯಾಗುತ್ತದೆ, ಸಿಕ್ಕಿಬೀಳುವುದು ಆ ದಾರಿಯಲ್ಲಿ ಬರುವ ಕೂಲಿಯವರು. ಜನರಿಂದಲೂ ಫೋನ್ ನಂಬರು, ಊರು, ಭಾಷೆ ಇಷ್ಟೇ ಪಡೆಯಿರಿ.

ತಿಂಗಳಿಗೊಮ್ಮೆ ಪ್ರತಿ ದೀಪಕ್ಕೂ ಕರೆ ಮಾಡಿ, ಹೊತ್ತಿದ್ದನ್ನು ಹತ್ತಿರದವರೊಬ್ಬರು ಕಣ್ಣಾರೆ ನೋಡಿ ಹೇಳಬೇಕು. ಮಳೆಗಾಲಕ್ಕೆ ಮುಂಚೆ ಪ್ಯಾನೆಲ್ ಮೇಲಿನ ಪಾಚಿ ಒರೆಸಿ, ಒಂದು ಬ್ಯಾಟರಿ, ಒಂದು ಮಾಡ್ಯೂಲ್ ಹೆಚ್ಚಿಗೆ ಇಟ್ಟುಕೊಳ್ಳಿ. ಸಿಮ್ ರೀಚಾರ್ಜ್ ಹಣವನ್ನು ಯೋಜನೆಯ ಖರ್ಚಿನಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ.